ಕಾಟಾದ ಮುಂದ, ಆಫೀಸಿನ್ಯಾಗ, ಬಟವಾಡೆ ದಿನ ವಿಶ್ವಾಸದಾಗ ನಿಲ್ಲೋದು ಹೆಂಗ

ಲೋಕದ ಆಸೆ ಬಿಡ್ರಿ, ದೇವರನ್ನ ಹಿಡೀರಿ ಅನ್ನೋ ಪ್ರಸಂಗ ನಮ್ಮ ಸಭೆಗಳಾಗ ಐತಾರಕ್ಕೊಮ್ಮೆ ಕೇಳ್ತೀವಿ, ಆಮೆನ್ ಅಂತೀವಿ. ಆದ್ರ ಸೋಮವಾರ ಬೆಳಿಗ್ಗೆ ಗಂಗಾವತಿ ರೈಸ್ ಮಿಲ್ಲಿನ ಕಾಟಾದ, ಅಂದ್ರ ತೂಕದ ಯಂತ್ರದ, ಮುಂದ ನಿಂತಾಗ, ಸಿಂಧನೂರಿನ ದಲಾಲಿ ಅಂಗಡ್ಯಾಗ ಪಟ್ಟಿ ಬರಿಯೋವಾಗ, ಬಳ್ಳಾರಿ ಜೀನ್ಸ್ ಯೂನಿಟ್ಟಿನ್ಯಾಗ ಟೇಲರ್‌ಗಳಿಗೆ ಬಟವಾಡೆ ಮಾಡೋವಾಗ ಅದನ್ನ ಹೆಂಗ ಮಾಡೋದು ಅಂತ ಬಿಡಿಸಿ ಹೇಳೋರು ಕಡಿಮಿ ಅದಾರ. ಹೊಸದಾಗಿ ಕೆಲಸಕ್ಕ ಸೇರಿದ ಹುಡುಗ್ರು ಹುಡುಗ್ಯಾರು ಇಲ್ಲೇ ಎಡವ್ತಾರ, ಅದಕ್ಕ ನನಗ ತಿಳಿದಷ್ಟು ಬರ್ಯಾಕತ್ತೀನಿ.

ಮೊದಲ್ನೇ ಮಾತು, ತೀರ್ಮಾನ ಮುಂಚೇನ ಮಾಡಿ ಇಟ್ಕೋರಿ. ದಾನಿಯೇಲ 1ನೇ ಅಧ್ಯಾಯ ಓದಿ ನೋಡ್ರಿ, ಅರಸನ ಊಟ ಮಾಡಿ ಅಶುದ್ಧ ಆಗಬಾರ್ದು ಅಂತ ಅವ ಮನಸಿನ್ಯಾಗ ಮೊದ್ಲ ನಿಶ್ಚಯ ಮಾಡಿದ್ದ. ಮಾಲೀಕ ಎದುರಿಗೆ ನಿಂತು "ಬರಿಯೋ ಬರಿಯೋ ಜಲ್ದಿ" ಅನ್ನೋವಾಗ ಪ್ರಾರ್ಥನೆ ಮಾಡಿ ತೀರ್ಮಾನ ತಗೊಳ್ಳಾಕ ಯಾರಿಂದನೂ ಆಗಂಗಿಲ್ಲ. ಅದಕ್ಕ ಒಂದು ರಾತ್ರಿ ಕುಂತು, ನಿಮ್ಮ ಕೆಲಸದಾಗ ಯಾವ ಯಾವ ಕಡೆ ಸುಳ್ಳು ನುಸಳ್ತೈತಿ ಅಂತ ಹಾಳ್ಯಾಗ ಬರೀರಿ, ಸುಮ್ನ "ಪ್ರಾಮಾಣಿಕ ಆಗಿರ್ತೀನಿ" ಅಂತ ಅಲ್ಲ. ತೂಕ, ತೇವ, ಬಿಲ್ಲು, ಹಾಜರಿ, ಲೇಬಲ್ಲು, ಹಿಂಗ ಒಂದೊಂದಾಗಿ. ಉದ್ಯೋಗ ಖಾತ್ರಿ ಕೆಲಸ ನೋಡ್ಕೊಳ್ಳೋರಾದ್ರ ಕೆಲಸಕ್ಕ ಬರದೋರ ಹಾಜರಿ, ಜೀನ್ಸ್ ಹೊಲಿಸೋರಾದ್ರ ದೊಡ್ಡ ಕಂಪನಿ ಹೆಸರಿನ ಲೇಬಲ್ ಹಚ್ಚಿಕೊಡು ಅಂತ ಬರೋ ಆರ್ಡರ್. ಇದಕ್ಕ ಹೂಂ, ಇದಕ್ಕ ಉಹೂಂ ಅಂತ ಆವತ್ತೇ ಬರದು ಬೈಬಲ್‌ನಾಗ ಇಟ್ಬಿಡ್ರಿ.

ತೂಕದ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರ ನಮ್ಮ ಕಡೆ ದೊಡ್ಡ ಸೋದನೆ, ಅಂದ್ರ ಆಸೆಗೆ ಬೀಳಿಸೋ ಪರೀಕ್ಷೆ, ಇರೋದೇ ಅಲ್ಲಿ. ಭತ್ತದ ರೇಟು ಇಲ್ಲಿ 75 ಕೆಜಿ ಚೀಲದ ಲೆಕ್ಕ. ತೇವ ಐತಿ, ಕಸ ಐತಿ ಅಂತ ಚೀಲಕ್ಕ ಎರಡು ಕೆಜಿ ಮುರಕೊಂಡ್ರ ಕೇಳಾಕ ಸಣ್ಣದು ಅನಸ್ತೈತಿ, ಆದ್ರ 100 ಚೀಲ ತಂದ ರೈತಂದು 200 ಕೆಜಿ ಹೋತು, ಅಂದ್ರ ಎರಡೂವರೆ ಚೀಲಕ್ಕಿಂತ ಹೆಚ್ಚು. ಆ ರೈತ ತುಂಗಭದ್ರಾ ಎಡದಂಡೆ ಕಾಲುವೆ ಕೊನೇ ಭಾಗದೋನಾಗಿದ್ರ ನೀರು ಬರ್ತೈತೋ ಇಲ್ಲೋ ಅಂತ ರಾತ್ರಿಯೆಲ್ಲಾ ಕಾದು ಬೆಳೆದ ಭತ್ತ ಅದು. ಕಾಟಾದ ಮುಂದ ಅವ ಟವಲ್ಲು ಹೆಗಲಿಗೆ ಹಾಕ್ಕೊಂಡು ಸುಮ್ನ ನಿಂತಿರ್ತಾನ, ನೀವು ಏನು ಬರದ್ರೂ ಅದ ಅವಂಗ ಲೆಕ್ಕ. ಮೋಸದ ತಕ್ಕಡಿ ಯೆಹೋವನಿಗೆ ಅಸಹ್ಯ ಅಂತ ಜ್ಞಾನೋಕ್ತಿ 11ರ ಮೊದಲ್ನೇ ವಚನ ಹೇಳ್ತೈತಿ, ಚೀಲದಾಗ ಎರಡು ಥರದ ತೂಕದ ಕಲ್ಲು ಇಟ್ಕೋಬಾರ್ದು ಅಂತ ಧರ್ಮೋಪದೇಶಕಾಂಡ 25ರಾಗ ಐತಿ. 1810ರಾಗ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಅನ್ನೋ ಲಂಡನ್ ಮಿಷನ್ ಮಿಷನರಿ ಬೈಬಲ್ಲನ್ನ ಕನ್ನಡಕ್ಕ ತರೋ ಕೆಲಸಕ್ಕ ಕೈ ಹಾಕಿದ್ದು ನಮ್ಮ ಈ ಬಿಸಿಲ ನಾಡಿನಾಗ ಕುಂತ್ಕೊಂಡೇ, ಅಂಥಾ ಊರಿನ ಸುತ್ತಮುತ್ತ ಇರೋ ವಿಶ್ವಾಸಿಗಳು ನಾವು ತಕ್ಕಡಿ ಮುಂದ ಸುಳ್ಳು ಬರೀಬಾರ್ದು ಅಂತ ನನ್ನ ಮನಸಿಗೆ ಭಾಳ ಐತಿ. ಮಾಡೋದು ಇಷ್ಟ, ತೇವ ಅಳಿಯೋ ಮಷಿನ್ನು ರೈತನ ಮುಂದ ಇಡ್ರಿ, ಬಂದ ನಂಬರು ಅವಂಗ ತೋರಸ್ರಿ, ಅದರ ಪ್ರಕಾರ ಎಷ್ಟು ಮುರಿಬೇಕೋ ಅಷ್ಟ ಮುರೀರಿ, ಚೀಟಿ ಮ್ಯಾಲ ಅದನ್ನ ಬೇರೆ ಸಾಲಿನ್ಯಾಗ ಬರೀರಿ.

ಮಾಲೀಕ ಒಪ್ಪಲಿಲ್ಲ ಅಂದ್ರ? ಜಗಳಕ್ಕ ಹೋಗಬ್ಯಾಡ್ರಿ, ಎಲ್ಲರ ಮುಂದ ವಚನ ಹೇಳಿ ಅವರ ಮಾನ ಕಳೀಬ್ಯಾಡ್ರಿ. ದಾನಿಯೇಲ ಹೆಂಗ ಮಾತಾಡಿದ ನೋಡ್ರಿ, ಉಣ್ಣಂಗಿಲ್ಲ ಅಂತ ತಾಟು ಸರಿಸಿ ಎದ್ದು ಹೋಗಲಿಲ್ಲ, 10 ದಿನ ನಮಗ ಕಾಯಿಪಲ್ಯ ಕೊಟ್ಟು ಪರೀಕ್ಷೆ ಮಾಡ್ರಿ ಅಂತ ವಿನಂತಿ ಮಾಡಿದ. ಹಂಗ ನೀವೂ ಒಬ್ಬರೇ ಇದ್ದಾಗ ಹೋಗಿ ಕೇಳ್ರಿ, "ಸಾವಕಾರ್ರ, ಮಷಿನ್ನು ಎಷ್ಟು ತೋರಸ್ತೈತೋ ಅಷ್ಟು ಮುರೀತೀನಿ, ಅದಕ್ಕಿಂತ ಹೆಚ್ಚು ನನ್ನ ಕೈಲಿ ಬರಸಬ್ಯಾಡ್ರಿ, ಬೇಕಾದ್ರ ಗೋಡೌನ್ ಕೆಲಸ ಕೊಡ್ರಿ ಮಾಡ್ತೀನಿ, ಈ ಒಂದು ಸುಗ್ಗಿ ನೋಡ್ರಿ." ಕೆಲವರು ಒಪ್ತಾರ, ಯಾಕಂದ್ರ ಮಾಲೀಕಗೂ ತನ್ನ ಗಲ್ಲಾ ಪೆಟ್ಟಿಗೆ ಕದಿಯದ ಮನುಷ್ಯಾ ಬೇಕಾಗಿರ್ತಾನ. ಕೆಲವರು ಬಿಡಸ್ತಾರ. ಕೆಲಸ ಬಿಡಬೇಕಾ ಅಂತ ಗಾಬರಿ ಆಗೋರು ಲೂಕ 3 ಓದ್ರಿ, ಸುಂಕದವರು ಬಂದು ನಾವೇನು ಮಾಡ್ಬೇಕು ಅಂದಾಗ ಸ್ನಾನಿಕ ಯೋಹಾನ ಕೆಲಸ ಬಿಡ್ರಿ ಅನ್ನಲಿಲ್ಲ, ನೇಮಿಸಿದ್ದಕ್ಕಿಂತ ಹೆಚ್ಚು ತಗೋಬ್ಯಾಡ್ರಿ ಅಂದ, ಸಿಪಾಯಿಗಳಿಗೆ ಬರೋ ಸಂಬಳದಾಗ ತೃಪ್ತಿ ಪಡ್ರಿ ಅಂದ. ಕೆಲಸದಾಗ ಇದ್ಕೊಂಡೇ ನೆಟ್ಟಗಿರಾಕ ಆಗ್ತೈತೇನು ಅಂತ ಮೊದ್ಲ ನೋಡ್ರಿ, ಸುಳ್ಳು ಬರಿಯೋದೇ ಆ ಕೆಲಸ ಅಂತಾದ್ರ ಮಾತ್ರ ಬಿಡ್ರಿ.

ಈಗ ನಷ್ಟದ ಲೆಕ್ಕ. ಇದನ್ನ ಯಾರೂ ಹೇಳಂಗಿಲ್ಲ. ಮ್ಯಾಲಿನ ರೊಕ್ಕ ನಿಂತ್ರ ತಿಂಗಳಿಗೆ ಎಷ್ಟು ಕಡಿಮಿ ಬರ್ತೈತಿ ಅಂತ ಗಂಡ ಹೆಂಡ್ತಿ ಕುಂತು ರೂಪಾಯಿ ಲೆಕ್ಕದಾಗ ಬರೀರಿ, ಯಾವ ಚೀಟಿ ನಿಲ್ಲಸ್ಬೇಕು, ಮಕ್ಕಳ ಫೀಜು ಯಾವುದ್ರಾಗಿಂದ ಕಟ್ಟಬೇಕು, ಮನಿ ಮ್ಯಾಲ ಇನ್ನೊಂದು ರೂಮು ಈ ವರ್ಷ ಬ್ಯಾಡ ಅನ್ನೋ ತನಕ ಮಾತಾಡ್ರಿ. ಮನ್ಯಾಗ ಹೇಳದೇ ಒಬ್ಬರೇ ನೀತಿವಂತರಾಗಾಕ ಹೋದ್ರ ಮೂರನೇ ತಿಂಗಳಿಗೆ ಮನ್ಯಾಗಿನ ಜಗಳಕ್ಕ ಸೋತು ಮತ್ತ ಹಳೇ ದಾರಿಗೆ ಬರ್ತೀರಿ. ಪ್ರಾಮಾಣಿಕ ಇದ್ರ ದೇವರು ಡಬಲ್ ಕೊಡ್ತಾನ ಅಂತ ಕೆಲವರು ಬೋಧನೆ ಮಾಡ್ತಾರಲ್ಲ, ಅದನ್ನ ನಂಬ್ಕೊಂಡು ಹೊರಡಬ್ಯಾಡ್ರಿ. ಅಪೊಸ್ತಲರ ಕೃತ್ಯಗಳು 24ರಾಗ ದೇಶಾಧಿಪತಿ ಫೇಲಿಕ್ಸ ಪೌಲನ ಕಡೆಯಿಂದ ರೊಕ್ಕ ಸಿಗಬಹುದು ಅಂತ ಆಸೆ ಪಟ್ಟು ಮ್ಯಾಲಿಂದ ಮ್ಯಾಲ ಕರೆಸಿ ಮಾತಾಡ್ತಿದ್ದ, ಪೌಲ ಕೊಡಲಿಲ್ಲ, ಎರಡು ವರ್ಷ ಜೈಲಿನ್ಯಾಗ ಉಳಿದ, ಫೇಲಿಕ್ಸ ಬದ್ಲಿ ಆಗಿ ಹೋಗೋವಾಗೂ ಬಿಡದೇ ಹೋದ. ಪೌಲಗ ಡಬಲ್ ಏನೂ ಸಿಗಲಿಲ್ಲ. ಪ್ರಮಾಣ ಮಾಡಿ ನಷ್ಟ ಆದ್ರೂ ತಪ್ಪದವನು ಅಂತ ಕೀರ್ತನೆ 15 ಹೇಳ್ತೈತಿ, ನಷ್ಟ ಆಗ್ತೈತಿ ಅಂತ ಅಲ್ಲೇ ಒಪ್ಕೊಂಡೈತಿ ನೋಡ್ರಿ.

ಸರ್ಕಾರಿ ಆಫೀಸಿನ ಲಂಚಕ್ಕ ಪ್ರಾರ್ಥನೆ ಜೋಡಿ ಸ್ವಲ್ಪ ಕಾಯ್ದೆನೂ ತಿಳ್ಕೋರಿ. ಜಾತಿ ಆದಾಯ ಪ್ರಮಾಣಪತ್ರದಂಥವು ‘ಸಕಾಲ’ ಅನ್ನೋ ಕಾಯ್ದೆ ಒಳಗ ಬರ್ತಾವ, ಅಂದ್ರ ಗೊತ್ತು ಮಾಡಿದ ದಿನದೊಳಗ ಕೊಡಲೇಬೇಕು, ಅರ್ಜಿ ಕೊಟ್ಟಾಗ 15 ಅಂಕಿಯ ಜಿಎಸ್‌ಸಿ ನಂಬರ್ (ಸಕಾಲ ಅರ್ಜಿ ನಂಬರ್) ಇರೋ ರಶೀದಿ ಕೇಳಿ ತಗೋರಿ, ಅದಿಲ್ಲದೇ ಕೌಂಟರ್ ಬಿಟ್ಟು ಬರಬ್ಯಾಡ್ರಿ. ಟೈಮ್ ಮೀರಿದ್ರ ದಿನಕ್ಕ 20 ರೂಪಾಯಿಯಂಗ 500 ರೂಪಾಯಿ ತನಕ ಪರಿಹಾರ ಕೇಳೋ ಹಕ್ಕು ಐತಿ. ರೊಕ್ಕಕ್ಕಿಂತ ಆ ರಶೀದಿ ಕೈಯಾಗ ಇರೋದೇ ದೊಡ್ಡದು, ಫೈಲು ಕಳೆದೈತಿ ಅನ್ನಾಕ ಆಗಂಗಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಾಗ ತಿದ್ದುಪಡಿ ಆದ ಮ್ಯಾಲ ಲಂಚ ಕೊಡೋದೂ ಅಪರಾಧ, ಬಲವಂತಕ್ಕ ಕೊಟ್ಟಿದ್ರ 7 ದಿನದ ಒಳಗ ಪೊಲೀಸರಿಗೆ ಇಲ್ಲಾ ತನಿಖೆ ಮಾಡೋ ಸಂಸ್ಥೆಗೆ ತಿಳಿಸಬೇಕು. ಎಲ್ಲಾದ್ರಾಗೂ ಬೇಕಾಗಿದ್ದು ಟೈಮು, ಅದಕ್ಕ ಮಕ್ಕಳ ಅಡ್ಮಿಷನ್ನಿಗೆ ಬೇಕಾದ ಕಾಗದಕ್ಕ ಕೊನೇ ವಾರ ಓಡಾಡಬ್ಯಾಡ್ರಿ, ಅವಸರ ಇದ್ದಲ್ಲೇ ಕೈ ಬಿಸಿ ಮಾಡೋ ಮನಸ್ಸು ಬರ್ತೈತಿ.

ನೀವೇ ಮಾಲೀಕರಾದ್ರ ಕೂಲಿ ತಡ ಮಾಡಬ್ಯಾಡ್ರಿ. ಹೊತ್ತು ಮುಳುಗೋದ್ರೊಳಗ ಕೊಡು ಅಂತ ಧರ್ಮೋಪದೇಶಕಾಂಡ 24, ತಡೆ ಹಿಡಿದ ಕೂಲಿನೇ ಕೂಗ್ತೈತಿ ಅಂತ ಯಾಕೋಬ 5. ಬಟವಾಡೆ ಮುಂದಕ್ಕ ಹಾಕಿ ಅದ ರೊಕ್ಕದಾಗ ದಶಮಾಂಶ, ಅಂದ್ರ ಸಭೆಗೆ ಹತ್ತರಾಗ ಒಂದು ಪಾಲು, ಕೊಡೋದು ನನ್ನ ಲೆಕ್ಕದಾಗ ಕಾಣಿಕೆ ಅಲ್ಲ.

ಸಭೆ ಒಳಗೂ ಇದ ನಿಯಮ. ಕಾಣಿಕೆ ಎಣಿಸೋವಾಗ ಇಬ್ಬರು ಮೂವರು ಕುಂದರ್ರಿ, ಬರದ ಮೊತ್ತಕ್ಕ ಎಲ್ಲರೂ ಸೈ ಮಾಡ್ರಿ, ಮುಂದಿನ ಐತಾರ ಓದಿ ಹೇಳ್ರಿ. ಪೌಲನ ಮ್ಯಾಲೂ ಯಾರೂ ತಪ್ಪು ಹೊರಿಸಬಾರ್ದು ಅಂತ ಧರ್ಮದ ರೊಕ್ಕದ ಜೋಡಿ ಸಹೋದರರನ್ನೂ ಕಳಿಸಿದ್ರು, 2 ಕೊರಿಂಥ 8ರಾಗ ಐತಿ. ಪಾಸ್ಟರ್ ಮ್ಯಾಲ ಗೌರವ ಐತಿ ಅಂತ ಲೆಕ್ಕ ಕೇಳದೇ ಬಿಡೋದು ಅವರನ್ನ ಸೋದನೆಗೆ ದೂಡಿದಂಗ.

ಈಗಾಗ್ಲೇ ತಗೊಂಡಿದ್ದು ಇದ್ರ ತಿರುಗಿ ಕೊಡೋದು ಬಾಕಿ ಐತಿ, ಕ್ಷಮೆ ಕೇಳಿದ್ರ ಮುಗೀತು ಅನ್ಕೋಬ್ಯಾಡ್ರಿ. ಸುಂಕದವರ ಮುಖಂಡ ಜಕ್ಕಾಯ ಮೋಸದಿಂದ ತಗೊಂಡಿದ್ದಕ್ಕ ನಾಲ್ಕರಷ್ಟು ಕೊಡ್ತೀನಿ ಅಂತ ಯೇಸುವಿಗೆ ಅಂದ, ಯಾಜಕಕಾಂಡ 6ರಾಗ ಮೂಲ ರೊಕ್ಕದ ಮ್ಯಾಲ ಐದನೇ ಒಂದು ಭಾಗ ಸೇರಿಸಿ ಕೊಡು ಅಂತ ಐತಿ. 1000 ರೂಪಾಯಿಗೆ 1200 ಅಂತ ಇಟ್ಕೋರಿ. ಹೆಸರು ಪಟ್ಟಿ ಮಾಡ್ರಿ, ಬಡವರ ಹೆಸರು ಮ್ಯಾಲ ಬರೀರಿ, ಕೈಲಾದಂಗ ತಿಂಗಳಿಗೆ ಒಬ್ಬರಂಗ ತೀರಸ್ರಿ. ಆ ಮನುಷ್ಯಾ ತೀರಿಕೊಂಡಿದ್ರ ಮಕ್ಕಳಿಗೆ ಕೊಡ್ರಿ, ಯಾರೂ ಇಲ್ಲಾಂದ್ರ ಮಾತ್ರ ದೇವರಿಗೆ ಅಂತ ಅರಣ್ಯಕಾಂಡ 5 ಹೇಳ್ತೈತಿ, ಹುಡುಕದೇ ಕಾಣಿಕೆ ಡಬ್ಬಿಗೆ ಹಾಕಿ ಕೈ ತೊಳ್ಕೋಬ್ಯಾಡ್ರಿ. ದುಡ್ಯಾಕ ಬೆಂಗಳೂರಿಗೆ ಹೋದೋರು ನಮ್ಮ ಕಡೆ ಭಾಳ, ಅವರ ನಂಬರ್ ಊರಾಗ ಕೇಳಿ ಫೋನ್‌ಪೇ ಮಾಡಬಹುದು, ಆದ್ರ ರೊಕ್ಕ ಹಾಕೋದ್ಕಿಂತ ಮೊದ್ಲ ಫೋನ್ ಹಚ್ಚಿ ಇದು ಯಾವ ಸುಗ್ಗಿದು, ಎಷ್ಟು ಚೀಲದ್ದು ಅಂತ ಬಾಯಿ ಬಿಟ್ಟು ಹೇಳ್ರಿ. ಬೈದ್ರ ಬೈಸ್ಕೋರಿ. ಸಭೆಯಾಗ ಸಾಕ್ಷಿ ಹೇಳೋದು ಪಟ್ಟಿ ಪೂರ್ತಿ ಮುಗಿದ ಮ್ಯಾಲ, ಅದೂ ಆ ಮನಿಯೋರು ಒಪ್ಪಿದ್ರ ಅಷ್ಟ.