ಮೊದಲು ಮೂಲಮಾನ ಒಂದು ಮಾಡಿ, ಆಮೇಲೆ ಚಿಹ್ನೆ ಹಾಕಿ

95 ಸೆಂ.ಮೀ. ಮತ್ತು 2 ಮೀ. ಎಂದು ಬರೆದು, ನಡುವೆ ಚಿಹ್ನೆ ಹಾಕು ಅಂತ ಐದನೇ ಕ್ಲಾಸಿನ ಮಕ್ಕಳಿಗೆ ಕೊಟ್ಟು ನೋಡಿ. ಬಹಳ ಮಕ್ಕಳು > ಹಾಕಿಬಿಡುತ್ತಾರೆ. 95 ದೊಡ್ಡದು, 2 ಸಣ್ಣದು, ಲೆಕ್ಕ ಮುಗೀತು! ಪಕ್ಕದಲ್ಲಿ ಸೆಂ.ಮೀ. ಇದೆಯೋ ಮೀ. ಇದೆಯೋ ಅನ್ನುವ ಕಡೆ ಕಣ್ಣೇ ಹೋಗುವುದಿಲ್ಲ. ಹುಬ್ಬಳ್ಳಿಯಲ್ಲಿ ಸಂಜೆ ಮನೆಪಾಠ ಹೇಳುವ ನನಗೆ ಪ್ರತಿ ವರ್ಷವೂ ಇದೇ ಪಾಡು.

ಹಂತ 1: ಸರಿಯಾದ ಪಟ್ಟಿ ಹಿಡಿಯಿರಿ. ಅಗ್ಗದ ಪ್ಲಾಸ್ಟಿಕ್ ಪಟ್ಟಿಯ ತುದಿ ಬೇಗ ಸವೆಯುತ್ತದೆ. ಕೆಲವದರಲ್ಲಿ ಸೊನ್ನೆಯ ಗೆರೆ ತುದಿಯಲ್ಲಿರದೆ ಸ್ವಲ್ಪ ಒಳಗಿರುತ್ತದೆ. ಅಳೆಯುವುದು ಆ ಗೆರೆಯಿಂದ, ತುದಿಯಿಂದ ಅಲ್ಲ. ದರ್ಜಿ ಟೇಪಿನ ಒಂದು ಬದಿಗೆ ಇಂಚು ಇರುತ್ತದೆ, ಹುಷಾರು. ಅದು ಎಳೆದರೆ ಹಿಗ್ಗುತ್ತದೆ ಕೂಡ. ನಾನಂತೂ ಮಕ್ಕಳ ಕೈಗೆ ಸ್ಟೀಲ್ ಪಟ್ಟಿಯನ್ನೇ ಕೊಡುತ್ತೇನೆ.

ಹಂತ 2: ಎರಡನ್ನೂ ಒಂದೇ ಮೂಲಮಾನಕ್ಕೆ ತನ್ನಿ. 10 ಮಿ.ಮೀ. ಅಂದರೆ 1 ಸೆಂ.ಮೀ., 100 ಸೆಂ.ಮೀ. ಅಂದರೆ 1 ಮೀ., 1000 ಮೀ. ಅಂದರೆ 1 ಕಿ.ಮೀ. ಯಾವುದಕ್ಕೆ ತರಬೇಕು? ಎರಡರಲ್ಲಿ ಸಣ್ಣದಕ್ಕೆ. ಆಗ ಬರೀ ಗುಣಾಕಾರ, ಬಹುತೇಕ ದಶಮಾಂಶ ಚುಕ್ಕಿಯ ಕಾಟವೇ ಇರುವುದಿಲ್ಲ. "ಚುಕ್ಕಿಯನ್ನು ಎರಡು ಮನೆ ಸರಿಸು" ಅನ್ನುವ ಅಡ್ಡದಾರಿ ಕಲಿಸಬೇಡಿ. ಯಾವ ಕಡೆ ಸರಿಸಬೇಕು ಅಂತ ಪರೀಕ್ಷೆಯ ಹೊತ್ತಿಗೆ ಮರೆತಿರುತ್ತಾರೆ.

ಎಡವುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

3 ಮೀ. 5 ಸೆಂ.ಮೀ. ಎಷ್ಟು ಸೆಂ.ಮೀ.? ಒಬ್ಬರು 35 ಅನ್ನುತ್ತಾರೆ, ಇನ್ನೊಬ್ಬರು 350. ಸರಿ ಉತ್ತರ 305. ಮೊದಲು 3 ಮೀ. ಮಾತ್ರ ಬದಲಿಸಿ: 300. ಆಮೇಲೆ 5 ಕೂಡಿಸಿ. ಒಂದೇ ಏಟಿಗೆ ಬರೆಯಲು ಹೋದರೆ ನಡುವಿನ ಸೊನ್ನೆ ಹಾರಿಹೋಗುತ್ತದೆ.

ಎರಡನೇ ಗುಂಡಿ ದಶಮಾಂಶ. ನಮ್ಮ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದಲ್ವಾ, ಧ್ವಜದ ಅಧಿಕೃತ ಅಳತೆಗಳೆಲ್ಲ ಮಿ.ಮೀ.ನಲ್ಲೇ ಇವೆ. ಅದರಲ್ಲೊಂದು 1350 ಮಿ.ಮೀ. ಉದ್ದ, 900 ಮಿ.ಮೀ. ಅಗಲ. ಇದನ್ನು 1.4 ಮೀ. ಉದ್ದದ ಬಟ್ಟೆಯಲ್ಲಿ ಸುತ್ತಿಡಬೇಕು ಅಂದುಕೊಳ್ಳಿ. ಯಾವುದರ ಉದ್ದ ಹೆಚ್ಚು? 1350 ಮಿ.ಮೀ. ಅಂದರೆ 1.35 ಮೀ. ಮಕ್ಕಳು ಚುಕ್ಕಿಯ ಆಚೆಗಿನದನ್ನಷ್ಟೇ ನೋಡಿ, 35 ದೊಡ್ಡದು, 4 ಸಣ್ಣದು ಅನ್ನುತ್ತಾರೆ. 1.4ರ ಕೊನೆಗೆ ಸೊನ್ನೆ ಸೇರಿಸಿ 1.40 ಮಾಡಿ. ಈಗ 35 ಮತ್ತು 40. ಅಥವಾ ನನ್ನ ದಾರಿಯಲ್ಲೇ ಹೋಗಿ: 1350 ಮಿ.ಮೀ., 1400 ಮಿ.ಮೀ. ಬಟ್ಟೆಯೇ ಉದ್ದ.

ಅಂಕಿ ಜಾಸ್ತಿ ಇದ್ದರೆ ಸಂಖ್ಯೆ ದೊಡ್ಡದು ಅನ್ನುವ ಭ್ರಮೆಗೆ ನಮ್ಮೂರ ರೈಲು ನಿಲ್ದಾಣವೇ ಮದ್ದು. 2023ರಲ್ಲಿ ಉದ್ಘಾಟನೆಯಾದ ಇಲ್ಲಿನ ಪ್ಲಾಟ್‌ಫಾರ್ಮ್ 1507 ಮೀ. ಅದಕ್ಕೂ ಮೊದಲು ಹೆಸರುವಾಸಿಯಾಗಿದ್ದ ಗೋರಖ್‌ಪುರದ್ದು 1366.33 ಮೀ. ಅಲ್ಲಿ ಆರು ಅಂಕಿ, ಇಲ್ಲಿ ನಾಲ್ಕೇ. ಆದರೂ 1507 > 1366.33. ಚುಕ್ಕಿಯ ಎಡಗಡೆಯದನ್ನು ಮೊದಲು ಹೋಲಿಸಿ. ಅಲ್ಲೇ ತೀರ್ಮಾನವಾದರೆ ಬಲಗಡೆ ನೋಡುವುದೇ ಬೇಡ. "ಒಂದೂವರೆ ಕಿಲೋಮೀಟರ್ ಪ್ಲಾಟ್‌ಫಾರ್ಮ್" ಅಂತ ಜನ ಸುಮ್ನೆ ಹೇಳುತ್ತಾರೆ. ಲೆಕ್ಕದಲ್ಲಿ 1.5 ಕಿ.ಮೀ. < 1507 ಮೀ.

ಹಂತ 3: ಚಿಹ್ನೆ ಹಾಕಿ. ಬಾಯಿ ತೆರೆದ ಕಡೆ ದೊಡ್ಡದು, ಚೂಪಾದ ಕಡೆ ಸಣ್ಣದು. ಮೊಸಳೆ ದೊಡ್ಡದನ್ನು ತಿನ್ನುತ್ತದೆ ಅನ್ನುವ ಕಥೆ ನನಗೆ ಸೇರುವುದಿಲ್ಲ. ಕೆಲವು ಮಕ್ಕಳು ಮೊಸಳೆಗೆ ಕಣ್ಣು, ಹಲ್ಲು ಬರೆಯುತ್ತಾ ಕೂತುಬಿಡುತ್ತಾರೆ. ಅದರ ಬದಲು ಎಡದಿಂದ ಬಲಕ್ಕೆ ಜೋರಾಗಿ ಓದಿಸಿ: "95 ಸೆಂ.ಮೀ., 2 ಮೀಟರಿಗಿಂತ ಕಡಿಮೆ."

ಸಮ ಚಿಹ್ನೆ ಹಾಕಲು ಮಕ್ಕಳು ಯಾಕೋ ಹೆದರುತ್ತಾರೆ. 900 ಮಿ.ಮೀ. ಮತ್ತು 90 ಸೆಂ.ಮೀ. ಕೊಟ್ಟರೆ ಹೇಗಾದರೂ ಒಂದನ್ನು ದೊಡ್ಡದು ಮಾಡಿಯೇ ತೀರುತ್ತಾರೆ. ಅಭ್ಯಾಸಕ್ಕೆ ಕೊಡುವಾಗ ಇಂಥ ಜೋಡಿಗಳನ್ನು ಬೇಕೆಂದೇ ಸೇರಿಸಿ.

ಮೂರು ಅಳತೆ ಇದ್ದರೆ ಎಲ್ಲ ಚಿಹ್ನೆಗಳ ಬಾಯಿ ಒಂದೇ ಕಡೆ ಇರಲಿ: 90 ಸೆಂ.ಮೀ. < 1350 ಮಿ.ಮೀ. < 1.4 ಮೀ. ಬದಲಿಸಿದ ಲೆಕ್ಕವನ್ನು ಪಕ್ಕದಲ್ಲಿ ಮಾಡಿಕೊಂಡು, ಉತ್ತರದ ಸಾಲಿನಲ್ಲಿ ಪ್ರಶ್ನೆಯಲ್ಲಿದ್ದ ಅಳತೆಗಳನ್ನೇ ಬರೆಯಿರಿ.