ಒಂದೇ ಚೀಟಿಯ ಮೇಲೆ ಎರಡು ಸರ್ಕಾರದ ಮಸಿ

ಈ ಸಲ ರಾಜ್ಯಮಟ್ಟದ ಅಂಚೆಚೀಟಿ ಪ್ರದರ್ಶನದಲ್ಲಿ ನನ್ನ ಒಂದು ಫ್ರೇಮಿಗೆ (ಹಾಳೆ ಜೋಡಿಸಿಡುವ ಹಲಗೆಗೆ) ಬೆಳ್ಳಿ ಪದಕ ಬಂತು. ಹದಿನಾರೇ ಹಾಳೆ. ವಿಷಯ: 1910ರಿಂದ 1923ರವರೆಗೆ ಬಿದ್ದುಹೋದ ಸಿಂಹಾಸನಗಳು. ಓವರ್‌ಪ್ರಿಂಟ್ ಚೀಟಿ, ಅಂದರೆ ಅಚ್ಚಾದ ಚೀಟಿಯ ಮೇಲೆ ಆಮೇಲೆ ಬೇರೆ ಅಕ್ಷರ ಹೊಡೆದದ್ದು, ಬಿಟ್ಟರೆ ಅದರಲ್ಲಿ ಜಾಸ್ತಿ ಏನೂ ಇಲ್ಲ. "ಬರೀ ಕರಿ ಅಕ್ಷರ ಯಾರು ನೋಡ್ತಾರೆ, ಬೇಡ ಬಿಡು" ಎಂದು ನಮ್ಮ ಬಳಗದಲ್ಲಿ ಹೇಳದವರಿಲ್ಲ. ಅದಕ್ಕೇ ಮಾಡಿದ ಬಗೆ ಬರೆಯುತ್ತಿದ್ದೇನೆ.

ಮೊದಲನೇ ಪ್ರಯತ್ನ ಆರೇಳು ವರ್ಷದ ಹಿಂದಿನದು. ಮೊದಲ ಮಹಾಯುದ್ಧ ಅಂತ ಇಟ್ಟುಕೊಂಡು ಫಿರಂಗಿ, ಸೈನಿಕ, ರಾಜರ ಮುಖ ಎಲ್ಲ ಕೊಂಡೆ. ಅರ್ಧಕ್ಕರ್ಧ ಮೊನ್ನೆ ಮೊನ್ನೆ ಅಚ್ಚಾದ ಸ್ಮಾರಕ ಚೀಟಿಗಳು. ಸುಮಾರು ಇಪ್ಪತ್ತೈದು ಸಾವಿರ ಹೋಯಿತು. ಇದು ಪಾಠಪುಸ್ತಕ, ಸಂಗ್ರಹ ಅಲ್ಲ ಎಂದರು ಜ್ಯೂರಿಯವರು. ಬೇಜಾರಾಯಿತು, ಆದರೆ ಮಾತು ಸರಿಯಾಗಿತ್ತು. ಆ ಚೀಟಿಗಳು ಆ ಕಾಲವನ್ನು ಕಂಡೇ ಇರಲಿಲ್ಲ.

ಎರಡನೇ ಪ್ರಯತ್ನದಲ್ಲಿ ಅಪರೂಪದ ಮಾಲಿನ ಬೆನ್ನು ಹತ್ತಿದೆ. 1912ರ ಫೆಬ್ರವರಿಯಲ್ಲಿ ಚೀನಾದ ಬಾಲ ಚಕ್ರವರ್ತಿ ಪಟ್ಟ ಬಿಟ್ಟ ಹೊತ್ತಿನ ಡ್ರ್ಯಾಗನ್ ಚೀಟಿ, ಮೇಲೆ "ತಾತ್ಕಾಲಿಕ ತಟಸ್ಥತೆ" ಎಂಬ ಓವರ್‌ಪ್ರಿಂಟ್. ಆರೂವರೆ ಸಾವಿರ ಕೊಟ್ಟೆ. ಮನೆಗೆ ತಂದು ಲೆನ್ಸ್ ಇಟ್ಟು ನೋಡಿದರೆ ಓವರ್‌ಪ್ರಿಂಟಿನ ಮಸಿ ಅಂಚೆ ಮುದ್ರೆಯ ಮೇಲೆ ಕೂತಿದೆ! ಚೀಟಿ ಅಸಲಿ, ಮುದ್ರೆ ಅಸಲಿ, ಅಕ್ಷರ ಮಾತ್ರ ಆಮೇಲೆ ಹೊಡೆದದ್ದು. ಡೀಲರ್ ವಾಪಸ್ ತಗೊಳ್ಳಲಿಲ್ಲ. ಆವತ್ತಿನಿಂದ ಯಾವ ಓವರ್‌ಪ್ರಿಂಟನ್ನೂ ಒಂದು ದೀಪದ ಕೆಳಗೆ, ಒಂದು ಓರೆಯಲ್ಲಿ ಹಿಡಿದು ನೋಡದೆ ಕೊಳ್ಳುವುದಿಲ್ಲ. ಯಾವ ದೀಪ, ಎಷ್ಟು ಓರೆ ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದಾರಿ ಸಿಕ್ಕಿದ್ದು ಮಡಗಾಂವಿನಲ್ಲಿ. ನಮ್ಮ ಕಾರವಾರದಿಂದ ಎಷ್ಟು ದೂರ ಹೇಳಿ! ಗೆಳೆಯರೊಬ್ಬರ ಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಪೋರ್ಚುಗೀಸ್ ಇಂಡಿಯಾದ ಚೀಟಿಗಳಿದ್ದವು. ಪೋರ್ಚುಗಲ್ಲಿನ ರಾಜ ಕಾರ್ಲೋಸನ ಮುಖ, ಅದರ ಮೇಲೆ "ರಿಪಬ್ಲಿಕಾ" ಎಂಬ ಅಚ್ಚು. ಕಾರ್ಲೋಸ್ ಲಿಸ್ಬನ್ನಿನಲ್ಲಿ ಕೊಲೆಯಾದದ್ದು 1908ರಲ್ಲಿ. ಗಣರಾಜ್ಯ ಬಂದದ್ದು 1910ರ ಅಕ್ಟೋಬರ್ 5ಕ್ಕೆ. ಗೋವಾದ ಅಂಚೆಗೆ ಹೊಸ ಚೀಟಿ ಬರುವತನಕ ಸತ್ತ ರಾಜನ ಮುಖದ ಮೇಲೇ ಗಣರಾಜ್ಯ ಓಡಾಡಿತು. ಅಚ್ಚು ಹೊಡೆಯದ ಚೀಟಿ ಒಂದು, ಹೊಡೆದದ್ದು ಒಂದು, ಎರಡನ್ನೂ ಪಕ್ಕಪಕ್ಕ ಇಟ್ಟೆ. ಬೇರೆ ವಿವರಣೆಯೇ ಬೇಕಾಗಲಿಲ್ಲ. ಅಲ್ಲಿಂದ ಮುಂದೆ ಮುಂಚಿನದು ಎಡಕ್ಕೆ, ಆಮೇಲಿನದು ಬಲಕ್ಕೆ, ಕೆಳಗೆ ಒಂದೇ ಸಾಲು ಬರಹ. ಇದೇ ನನ್ನ ಪದ್ಧತಿ.

ಜರ್ಮನಿಯ ಬವೇರಿಯಾ ರಾಜ್ಯದ್ದು ಬಹಳ ಅಗ್ಗಕ್ಕೆ ಸಿಕ್ಕಿತು. ಮೂರನೇ ಲುಡ್ವಿಗ್ ರಾಜನ ಚೀಟಿ, ಅದೇ ಚೀಟಿಯ ಮೇಲೆ 1919ರ "ಫೋಕ್ಸ್‌ಸ್ಟಾಟ್" ಅಂದರೆ ಜನರ ರಾಜ್ಯ, ಆಮೇಲೆ "ಫ್ರೈಸ್ಟಾಟ್" ಅಂದರೆ ಸ್ವತಂತ್ರ ರಾಜ್ಯ. ಒಂದೊಂದಕ್ಕೆ ಇಪ್ಪತ್ತು ಮೂವತ್ತು ರೂಪಾಯಿ ಅಷ್ಟೆ. ಎಲ್ಲಿಂದ ತರಿಸುತ್ತೇನೆ ಅಂತ ಮಾತ್ರ ಕೇಳಬೇಡಿ. ಆಸ್ಟ್ರಿಯಾದ ಚಕ್ರವರ್ತಿ ಕಾರ್ಲ್ ಮೇಲೆ "ಡಾಯ್ಚ್‌ಓಸ್ಟರೈಖ್" (ಜರ್ಮನ್ ಆಸ್ಟ್ರಿಯಾ) ಹೊಡೆದದ್ದು ಇದಕ್ಕಿಂತಲೂ ಅಗ್ಗ.

ನನಗೆ ಎಲ್ಲಕ್ಕಿಂತ ಹೆಮ್ಮೆ ಹಂಗೇರಿಯ ಹಾಳೆ. ಹೊಲದಲ್ಲಿ ಕೊಯ್ಲು ಮಾಡುವವರ ಚಿತ್ರದ ಚೀಟಿ ನಿಮಗೆ ಗೊತ್ತು, 1916ರದು. 1918ರ ನವೆಂಬರಿನಲ್ಲಿ ಗಣರಾಜ್ಯವಾಯಿತು, ಚೀಟಿಯ ಮೇಲೆ "ಕೋಸ್ತಾರ್ಶಾಶಾಗ್" (ಗಣರಾಜ್ಯ) ಬಿತ್ತು. 1919ರ ಮಾರ್ಚ್ 21ಕ್ಕೆ ಕಮ್ಯುನಿಸ್ಟ್ ನಾಯಕ ಬೇಲಾ ಕುನ್ ಗುಂಪಿನ ಸೋವಿಯತ್ ಸರ್ಕಾರ ಬಂತು, ಅದರ ಹೆಸರೂ ಬಿತ್ತು. ಅದು ಬಾಳಿದ್ದು 133 ದಿನ. ಆಮೇಲೆ ಬಂದವರು 1920ರಲ್ಲಿ ಅದೇ ಅಕ್ಷರಗಳ ಮೇಲೆ ಗೋಧಿಯ ಸಿವುಡಿನ ಅಚ್ಚು ಹೊಡೆದರು. ಒಂದೇ ಚೀಟಿಯ ಮೇಲೆ ಎರಡು ಸರ್ಕಾರದ ಮಸಿ, ಒಂದನ್ನು ಅಳಿಸಲು ಇನ್ನೊಂದು. ಈ ಹಾಳೆಯ ಎದುರು ಜನ ನಿಂತು ನೋಡಿದರು. ಇಡೀ ಹಾಳೆಗೆ ನನ್ನ ಖರ್ಚು ನಾನೂರು ರೂಪಾಯಿ ದಾಟಲಿಲ್ಲ.

ರಷ್ಯಾ ಸಾಮ್ರಾಜ್ಯ ಬಿದ್ದ ಮೇಲೆ ಹುಟ್ಟಿದ ಲಾಟ್ವಿಯಾದಲ್ಲಿ ಎಡವಿದೆ. 1918ರ ಡಿಸೆಂಬರಿನಲ್ಲಿ ಕಾಗದ ಸಿಗದೆ ಜರ್ಮನ್ ಸೈನ್ಯದ ನಕಾಶೆಗಳ ಬೆನ್ನ ಮೇಲೆ ಅಚ್ಚು ಮಾಡಿದ ಚೀಟಿಗಳವು. ನಾನು ಮುಖ ಮೇಲೆ ಮಾಡಿ ಮೌಂಟಿಗೆ (ಚೀಟಿ ಇಡುವ ಪಾರದರ್ಶಕ ಕವಚಕ್ಕೆ) ಹಾಕಿಬಿಟ್ಟೆ, ನಕಾಶೆ ಕಾಣದೇ ಹೋಯಿತು. ಇನ್ನೊಂದು ತರಿಸಿ ಬೆನ್ನು ಮೇಲೆ ಮಾಡಿ ಪಕ್ಕದಲ್ಲಿಟ್ಟೆ. ರಷ್ಯಾದ ಹಾಳೆಗೂ ಹಾಗೇ ಮಾಡಿದೆ. 1913ರಲ್ಲಿ ರೊಮಾನೊವ್ ಮನೆತನದ ಮುನ್ನೂರು ವರ್ಷಕ್ಕೆ ಬಂದ ಚೀಟಿಗಳಲ್ಲೇ ಮೊದಲ ಸಲ ತ್ಸಾರರ (ರಷ್ಯಾದ ಚಕ್ರವರ್ತಿಗಳ) ಮುಖ ಕಂಡದ್ದು. ಯುದ್ಧದಲ್ಲಿ ಚಿಲ್ಲರೆ ಮಾಯವಾದಾಗ ಅವನ್ನೇ ದಪ್ಪ ರಟ್ಟಿನ ಮೇಲೆ ಅಚ್ಚು ಮಾಡಿ, "ಬೆಳ್ಳಿ ಚಿಲ್ಲರೆಯ ಸಮ ಚಲಾವಣೆ" ಎಂದು ಹಿಂದೆ ಬರೆದು ನಾಣ್ಯದ ಬದಲು ಕೊಟ್ಟರು. ಅದರ ಬೆನ್ನೂ ಕಾಣಬೇಕು, ಅಲ್ವಾ?

ನಡುವೆ ಇನ್ನೊಂದು ಹುಚ್ಚು ಹಿಡಿಯಿತು. ರಾಜರು ಬಿದ್ದದ್ದು ತೋರಿಸಿದೆ, ಜನರ ಬದುಕು ಬದಲಾದದ್ದು ಎಲ್ಲಿ ಎಂದು ಹೆಂಡತಿ ಕೇಳಿದಳು. ನಿಜವಾದ ಪ್ರಶ್ನೆ. ಜರ್ಮನಿಯಲ್ಲಿ ಹೆಂಗಸರು ಮೊದಲ ಬಾರಿ ದೇಶದ ಚುನಾವಣೆಗೆ ಮತ ಹಾಕಿದ್ದು 1919ರ ಜನವರಿ 19ಕ್ಕೆ. ಆ ತಾರೀಖಿನ ಮುದ್ರೆಯಿರುವ ಜರ್ಮಾನಿಯಾ ಚೀಟಿ (ಜರ್ಮನಿಯನ್ನು ಹೆಂಗಸಿನ ರೂಪದಲ್ಲಿ ತೋರಿಸಿದ್ದು) ಹುಡುಕಲು ಹೊರಟೆ. ಎರಡು ಸಾವಿರದಷ್ಟು ಬಿಡಿ ಚೀಟಿ, ಒಂದೂವರೆ ತಿಂಗಳು, ದಿನಾ ರಾತ್ರಿ. ಸಿಕ್ಕಿದ್ದು 20ನೇ ತಾರೀಖಿನದು ಒಂದೇ. ಅದನ್ನೇ ಇಟ್ಟೆ. ಪಕ್ಕದಲ್ಲಿ ಅದೇ ವರ್ಷ ಯುದ್ಧದಲ್ಲಿ ಅಂಗ ಊನವಾದವರಿಗಾಗಿ 5 ಫೆನಿಗ್ (ಜರ್ಮನಿಯ ಪೈಸೆ) ಹೆಚ್ಚುವರಿ ಅಚ್ಚಾದ ಚೀಟಿ. ಕೊನೆಗೆ ಹಣದ ಬೆಲೆ ಕುಸಿದುಬಿದ್ದ 1923ರ 50 ಮಿಲಿಯಾರ್ಡ್ ಮಾರ್ಕಿನದು, ಅಂದರೆ ನಮ್ಮ ಲೆಕ್ಕದಲ್ಲಿ ಐದು ಸಾವಿರ ಕೋಟಿ. ಹೆಂಡತಿ ಆ ಹಾಳೆ ನೋಡಿ ತಲೆಯಾಡಿಸಿದಳು.

ನಮ್ಮವರೂ ಬೇಕೆನಿಸಿತು. 1914ರ ಐದನೇ ಜಾರ್ಜ್ ಚೀಟಿ, ಮೇಲೆ "ಐ.ಇ.ಎಫ್." ಎಂಬ ಅಚ್ಚು, ಹೊರದೇಶಕ್ಕೆ ಹೋದ ಭಾರತೀಯ ಸೈನ್ಯದ್ದು. ಆಟಮನ್ ತುರ್ಕರ ಕೈಯಿಂದ 1918ರ ಸೆಪ್ಟೆಂಬರ್ 23ಕ್ಕೆ ಹೈಫಾ ಬಿಡಿಸಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಆ ಸಾಲು ಬರೆಯುವಾಗ ಕೈ ನಡುಗಿತು.

ಮಳೆಗಾಲದಲ್ಲಿ ನಮ್ಮೂರ ತೇವಕ್ಕೆ ಹತ್ತು ಹನ್ನೆರಡು ಮಿಂಟ್ (ಬಳಸದ) ಚೀಟಿಗಳ ಗಮ್ ಆಲ್ಬಮ್ಮಿಗೆ ಅಂಟಿ ಹಾಳಾದವು, ಒಂದು ಸಾವಿರದ ಮಾಲು. ಈಗ ಯೂಸ್ಡ್ (ಅಂಚೆ ಮುದ್ರೆ ಬಿದ್ದ) ಚೀಟಿಯನ್ನೇ ಕೊಳ್ಳುತ್ತೇನೆ. ಮುದ್ರೆಯ ತಾರೀಖೂ ಸಿಗುತ್ತದೆ, ಬೆಲೆಯೂ ಕಮ್ಮಿ. ಫ್ರೇಮಿನ ಒಟ್ಟು ಖರ್ಚು, ಹಾಳೆ ಮೌಂಟ್ ಸೇರಿ, ಹನ್ನೊಂದು ಸಾವಿರದ ಆಸುಪಾಸು.

ತುರ್ಕಿ ಇನ್ನೂ ಅರೆಬರೆ. 1920ರಿಂದ 22ರವರೆಗೆ ಸುಲ್ತಾನನ ಎದುರು ನಿಂತ ಅಂಕಾರಾ ಸರ್ಕಾರ ಆಟಮನ್ನರ ರೆವಿನ್ಯೂ ಚೀಟಿಗಳಿಗೇ ಅಚ್ಚು ಹೊಡೆದು ಅಂಚೆಗೆ ಬಳಸಿತು. ಅದರಲ್ಲಿ ನಕಲಿ ವಿಪರೀತ. ಮೂರು ಚೀಟಿ ದೀಪದ ಕೆಳಗೆ ಪಾಸಾಗಿವೆ, ನಾಲ್ಕನೆಯದು ನಾಳೆ ಪೋಸ್ಟಿನಲ್ಲಿ ಬರಬೇಕು.