ದೀಪಗಳನ್ನು ಗುಂಪಾಗಿ ಓದುವುದು: ಫೋರ್ ವೀಲ್ ಡ್ರೈವ್ ಆಟೋಮ್ಯಾಟಿಕ್ ಗಾಡಿಯ ಜೊತೆ ನನ್ನ ಅನುಭವ

ಡ್ಯಾಶ್‌ಬೋರ್ಡ್‌ನಲ್ಲಿ ಒಂದು ದೀಪ ಹತ್ತಿದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಏನು ಕೆಟ್ಟಿದೆ?’ ಪಾಪ, ದೀಪಕ್ಕೆ ಅದು ಗೊತ್ತಿರುವುದಿಲ್ಲ. ಯಾವುದೋ ಒಂದು ಅಳತೆ ಮಿತಿ ದಾಟಿದೆ, ಇಲ್ಲವೇ ಯಾವುದೋ ಒಂದು ಕಂಪ್ಯೂಟರ್ ತನ್ನ ಕೆಲಸ ನಿಲ್ಲಿಸಿ ಕೂತಿದೆ. ಅಷ್ಟನ್ನೇ ಅದು ಹೇಳುತ್ತದೆ. ಉಳಿದದ್ದನ್ನು ನಾವೇ ಹುಡುಕಬೇಕು. ಹಾಗೆ ಹುಡುಕುವಾಗ ನನಗೆ ಹೆಚ್ಚು ನೆರವಾದದ್ದು ಎರಡು ವಿಷಯ. ಆ ದೀಪದ ಜೊತೆ ಇನ್ಯಾವ ದೀಪ ಹತ್ತಿತು? ಆ ಹೊತ್ತಿಗೆ ಗೇರ್ ಲಿವರ್ ಮತ್ತು ಫೋರ್ ವೀಲ್ ಡ್ರೈವ್ ನಾಬ್ ಎಲ್ಲಿದ್ದವು?

ನನ್ನದು ಡೀಸೆಲ್ ಗಾಡಿ, ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಮಾಮೂಲಿಯಾಗಿ ಎಂಜಿನ್ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಹೋಗುತ್ತದೆ. ನಾಬ್ ತಿರುಗಿಸಿದರೆ ನಾಲ್ಕಕ್ಕೂ ಹೋಗುತ್ತದೆ. ಅದಕ್ಕೂ ಮುಂಚೆ ನಾನು ಓಡಿಸಿದ್ದು ಕ್ಲಚ್ ಇರುವ ಸಾದಾ ಕಾರು ಮಾತ್ರ. ಹಾಗಾಗಿ ಈ ಗಾಡಿ ಕೈಗೆ ಬಂದ ಮೇಲೆ ಕೈಪಿಡಿ ತೊಡೆ ಮೇಲೆ ಇಟ್ಟುಕೊಂಡು, ಎಂಜಿನ್ ಚಾಲೂ ಮಾಡದೆ, ಕೀ ಮಾತ್ರ ‘ಆನ್’ ಮಾಡಿ ಸುಮ್ನೆ ಕೂತೆ. ಕೀ ತಿರುಗಿಸಿದ ತಕ್ಷಣ ಎಚ್ಚರಿಕೆಯ ದೀಪಗಳು ಬಹುತೇಕ ಎಲ್ಲವೂ ಒಟ್ಟಿಗೆ ಹತ್ತುತ್ತವೆ. ಕೆಲವು ಮೂರು ನಾಲ್ಕು ಸೆಕೆಂಡಿನಲ್ಲಿ ಆರುತ್ತವೆ. ಆಯಿಲ್ ಮತ್ತು ಬ್ಯಾಟರಿ ದೀಪ ಎಂಜಿನ್ ಚಾಲೂ ಆದ ಮೇಲೆ ಆರುತ್ತವೆ. ಇದು ದೀಪಗಳೇ ತಮ್ಮನ್ನು ತಾವು ಪರೀಕ್ಷೆ ಮಾಡಿಕೊಳ್ಳುವ ಕ್ರಮ. ಅದನ್ನು ಫೋನಿನಲ್ಲಿ ವಿಡಿಯೊ ಮಾಡಿ ಇಟ್ಟುಕೊಂಡೆ. ಹಳೆಯ ಗಾಡಿ ಕೊಳ್ಳುವವರು ಇದನ್ನು ತಪ್ಪದೆ ಮಾಡಬೇಕು. ಈ ಪರೀಕ್ಷೆಯಲ್ಲಿ ಹತ್ತಲೇಬೇಕಾದ ಏರ್‌ಬ್ಯಾಗ್ ಅಥವಾ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಲಿಲ್ಲ ಅಂದರೆ ಅನುಮಾನ ಪಡಿ. ದೀಪ ಸುಟ್ಟಿರಬಹುದು, ದೋಷ ಕಾಣದಿರಲಿ ಅಂತ ಯಾರೋ ಕಿತ್ತಿರಲೂಬಹುದು.

ಬಣ್ಣದ ವಿಷಯ ಬಹಳ ಜನಕ್ಕೆ ಗೊತ್ತಿದೆ. ಕೆಂಪು ಅಂದರೆ ನಿಲ್ಲಿಸು, ಹಳದಿ ಅಂದರೆ ಬೇಗ ತೋರಿಸು, ಹಸಿರು ಅಥವಾ ನೀಲಿ ಅಂದರೆ ಏನೋ ಚಾಲೂ ಇದೆ ಅಷ್ಟೇ. ಕೆಂಪಿನಲ್ಲೂ ಎಲ್ಲದಕ್ಕೂ ಒಂದೇ ಅವಸರ ಇಲ್ಲ. ಬ್ಯಾಟರಿ ದೀಪ ಹತ್ತಿದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ ಅಂತ. ಎಂಜಿನ್ ಬಿಸಿ ಏರುತ್ತಿಲ್ಲ, ಸ್ಟೀರಿಂಗ್ ಭಾರ ಆಗಿಲ್ಲ ಅಂದರೆ ಎಸಿ ಆಫ್ ಮಾಡಿ ಹತ್ತಿರದ ಗ್ಯಾರೇಜಿನವರೆಗೆ ಹೋಗಬಹುದು. ಅವೂ ಜೊತೆಗೆ ಬಂದರೆ ಇವನ್ನೆಲ್ಲ ತಿರುಗಿಸುವ ಬೆಲ್ಟ್ ಹರಿದಿರುವ ಸಾಧ್ಯತೆ ಇದೆ. ಆಗ ಮುಂದೆ ಹೋಗಬಾರದು. ಆಯಿಲ್ ಕ್ಯಾನಿನ ಚಿತ್ರದ ಕೆಂಪು ದೀಪಕ್ಕೆ ಮಾತ್ರ ಯಾವ ವಿನಾಯಿತಿಯೂ ಇಲ್ಲ. ಅದು ತೋರಿಸುವುದು ಆಯಿಲ್ ಎಷ್ಟಿದೆ ಅಂತಲ್ಲ, ಒತ್ತಡ ಬಿದ್ದುಹೋಗಿದೆ ಅಂತ. ಒತ್ತಡ ಇಲ್ಲದೆ ಎಂಜಿನ್ ಓಡಿದರೆ ಬೇರಿಂಗ್‌ಗಳು ಹಾಳಾಗಲು ಜಾಸ್ತಿ ಹೊತ್ತು ಬೇಡ.

ಕಚ್ಚಾ ದಾರಿಯ ಗಾಡಿಗಳಿಗೆ ಇಲ್ಲಿ ಇನ್ನೊಂದು ಕೊಂಡಿ ಇದೆ. ಗಾಡಿ ಕಡಿದಾದ ಏರಿನಲ್ಲಿ ನಿಂತಾಗ ಅಥವಾ ಒಂದು ಪಕ್ಕಕ್ಕೆ ವಾಲಿದಾಗ ಒಳಗಿನ ದ್ರವಗಳೂ ವಾಲುತ್ತವೆ. ಒಮ್ಮೆ ಏರಿನಲ್ಲಿ ನನ್ನ ಗಾಡಿಯ ಕೆಂಪು ಬ್ರೇಕ್ ದೀಪ ಮಿಣುಕಿತು. ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗಿತ್ತು. ಸಮತಟ್ಟಿಗೆ ಬಂದ ಕೂಡಲೇ ಆರಿತು. ಬಾನೆಟ್ ತೆಗೆದು ನೋಡಿದರೆ ಬ್ರೇಕ್ ಆಯಿಲ್ ಕನಿಷ್ಠ ಗೆರೆಯ ಹತ್ತಿರ ಇತ್ತು. ಎಲ್ಲೂ ಸೋರಿಕೆ ಇರಲಿಲ್ಲ. ಬ್ರೇಕ್ ಪ್ಯಾಡ್ ಸವೆದಂತೆಲ್ಲ ಅದನ್ನು ಒತ್ತುವ ಪಿಸ್ಟನ್ ಹೊರಗೆ ಬರುತ್ತದೆ, ಆ ಜಾಗ ತುಂಬಲು ಆಯಿಲ್ ಇಳಿಯುತ್ತದೆ. ಹಾಗಾಗಿ ಸುಮ್ಮನೆ ಆಯಿಲ್ ಸುರಿಯದೆ ಪ್ಯಾಡ್ ತೋರಿಸಿದೆ. ಅವು ಮುಗಿಯುವ ಹಂತದಲ್ಲಿದ್ದವು. ಮೇಲಿಂದ ಆಯಿಲ್ ತುಂಬಿಸಿದ್ದರೆ ದೀಪವೇನೋ ಆರುತ್ತಿತ್ತು, ಪ್ಯಾಡ್ ಹಾಗೇ ಇರುತ್ತಿತ್ತು, ಅಲ್ವಾ? ಎಂಜಿನ್ ಆಯಿಲ್ ಕಡಿಮೆ ಇದ್ದರೂ ಹೀಗೇ. ಏರಿನಲ್ಲಿ ಪಂಪಿನ ಬಾಯಿಗೆ ಆಯಿಲ್ ಸಿಗದೆ ದೀಪ ಮಿಣುಕುತ್ತದೆ. ಒರಟು ದಾರಿಗೆ ಹೋಗುವ ಮುಂಚೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡುವ ಅಭ್ಯಾಸ ನನಗೆ ಬಂದದ್ದು ಇದರಿಂದ.

ಇನ್ನು ಗುಂಪಾಗಿ ಬರುವ ದೀಪಗಳು. ಇವು ನೋಡಲು ಭಯ ಹುಟ್ಟಿಸುತ್ತವೆ. ಎಷ್ಟೋ ಸಲ ಕಾರಣ ಮಾತ್ರ ಚಿಕ್ಕದು. ಕೆಸರಿನ ದಾರಿ ಮುಗಿಸಿ ಬಂದ ಒಂದು ದಿನ ಎಬಿಎಸ್, ಗಾಡಿ ಜಾರುವ ಚಿತ್ರದ ದೀಪ (ಜಾರುವುದನ್ನು ತಡೆಯುವ ವ್ಯವಸ್ಥೆಯದು), ಫೋರ್ ವೀಲ್ ಡ್ರೈವ್ ದೀಪ ಮೂರೂ ಒಟ್ಟಿಗೆ ಹಳದಿಯಾಗಿ ಹತ್ತಿ ಕೂತವು. ವೇಗವನ್ನು ತಾನೇ ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲ್ ಕೂಡ ಕೆಲಸ ನಿಲ್ಲಿಸಿತು. ನಾಲ್ಕು ವ್ಯವಸ್ಥೆ ಒಂದೇ ಗಳಿಗೆಯಲ್ಲಿ ಕೆಡುವುದು ಅಪರೂಪ. ಈ ನಾಲ್ಕಕ್ಕೂ ಬೇಕಾದ ಒಂದೇ ವಸ್ತು ಯಾವುದು ಅಂತ ಯೋಚಿಸಿದೆ. ಚಕ್ರದ ವೇಗ! ಪ್ರತಿ ಚಕ್ರದ ಬುಡದಲ್ಲಿ ವೇಗ ಅಳೆಯುವ ಒಂದು ಸೆನ್ಸರ್ ಇರುತ್ತದೆ. ಒಂದು ಚಕ್ರ ಸುಳ್ಳು ಲೆಕ್ಕ ಕೊಟ್ಟರೆ ಆ ಲೆಕ್ಕ ನಂಬಿದವರೆಲ್ಲ ಕೈ ಎತ್ತುತ್ತಾರೆ.

ನನ್ನ ಹತ್ತಿರ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ, ಬ್ಲೂಟೂತ್‌ನ ಚಿಕ್ಕ ಒಬಿಡಿ ಸ್ಕ್ಯಾನರ್ ಇತ್ತು. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದೆ. ಏನೂ ದೋಷ ಇಲ್ಲ ಅಂದಿತು. ಅದರಲ್ಲಿ ಆಶ್ಚರ್ಯ ಇಲ್ಲ. ಇಂಥ ಅಗ್ಗದ ಸ್ಕ್ಯಾನರ್‌ಗಳು ಬಹಳ ಸಲ ‘ಪಿ’ಯಿಂದ ಶುರುವಾಗುವ ಎಂಜಿನ್ ಕಡೆಯ ಕೋಡ್‌ಗಳನ್ನಷ್ಟೇ ಓದುತ್ತವೆ. ಬ್ರೇಕ್, ಸ್ಟೀರಿಂಗ್, ಚಾಸಿಗೆ ಸಂಬಂಧಿಸಿದವು ‘ಸಿ’ ಕೋಡ್‌ಗಳು. ಗ್ಯಾರೇಜಿನ ದೊಡ್ಡ ಸ್ಕ್ಯಾನರ್ ಹಾಕಿಸಿ, ಕೋಡ್ ಜೊತೆಗೆ ನಾಲ್ಕು ಚಕ್ರದ ವೇಗವನ್ನೂ ಓಡುತ್ತಾ ತೋರಿಸಲು ಕೇಳಿದೆ. ಮೂರು ಚಕ್ರ ಒಂದೇ ವೇಗ ಹೇಳುತ್ತಿದ್ದವು. ಹಿಂದಿನ ಎಡ ಚಕ್ರ ಆಗಾಗ ಸೊನ್ನೆಗೆ ಬಿದ್ದು ಏಳುತ್ತಿತ್ತು. ಸೆನ್ಸರ್ ವೈರ್ ಕ್ಲಿಪ್ಪಿನಿಂದ ಬಿಟ್ಟುಕೊಂಡು ಉಜ್ಜಿ ಸಿಪ್ಪೆ ಎದ್ದಿತ್ತು. ಅದನ್ನು ಬದಲಿಸಿದ ಮೇಲೆ ಮೂರೂ ದೀಪ ಆರಿದವು. ಅಲ್ಲಿಯವರೆಗೆ ಗಾಡಿ ಓಡಿಸಬಹುದೇ? ಎಬಿಎಸ್ ದೀಪ ಒಂದೇ ಇದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಜೋರಾಗಿ ಒತ್ತಿದರೆ ಚಕ್ರ ಕಚ್ಚಿಕೊಳ್ಳಬಹುದು ಅಷ್ಟೇ. ಜೊತೆಗೆ ಕೆಂಪು ಬ್ರೇಕ್ ದೀಪವೂ ಇದ್ದರೆ ಓಡಿಸುವ ಮಾತೇ ಬೇಡ.

ಬ್ರೇಕ್ ಪೆಡಲ್ ಮೇಲಿನ ಸ್ವಿಚ್ ಕೆಟ್ಟರೂ ಇಂಥದೇ ಗುಂಪು ಬರಬಹುದು. ಅದರ ಗುರುತು ಬೇರೆ: ಲಿವರ್ ‘ಪಿ’ಯಿಂದ, ಅಂದರೆ ಪಾರ್ಕ್‌ನಿಂದ, ಕದಲುವುದಿಲ್ಲ. ಪೆಡಲ್ ಒತ್ತಿದ್ದೀರಿ ಅನ್ನುವುದು ಗೇರ್‌ಬಾಕ್ಸಿಗೆ ತಿಳಿಯದ ಕಾರಣ ಬೀಗ ಬಿಡುವುದಿಲ್ಲ. ಹಿಂದಿನ ಬ್ರೇಕ್ ಲೈಟ್ ಹತ್ತುತ್ತದೋ ಇಲ್ಲವೋ ಅಂತ ಯಾರನ್ನಾದರೂ ನಿಲ್ಲಿಸಿ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಬ್ಯಾಟರಿ ಸೋತಿದ್ದರಂತೂ ಸ್ಟಾರ್ಟ್ ಮಾಡುವಾಗ ಸಂಬಂಧವೇ ಇಲ್ಲದ ದೀಪಗಳೆಲ್ಲ ಹತ್ತುತ್ತವೆ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5. ನಾನು ಮೊದಲು ಮಲ್ಟಿಮೀಟರ್ ಹಿಡಿಯುತ್ತೇನೆ, ಆಮೇಲೆ ಸ್ಕ್ಯಾನರ್.

ಫೋರ್ ವೀಲ್ ಡ್ರೈವ್ ದೀಪದ ಭಾಷೆ ಇನ್ನೂ ಸ್ವಲ್ಪ ಬೇರೆ. ಅಲ್ಲಿ ಮಿನುಗುವುದು ಯಾವಾಗಲೂ ದೋಷ ಅಲ್ಲ. ನಾಬ್ ತಿರುಗಿಸಿದಾಗ ಒಳಗೆ ಗೇರ್‌ಗಳು ಕೂಡಿಕೊಳ್ಳುವವರೆಗೆ ದೀಪ ಮಿನುಗುತ್ತದೆ, ಕೂಡಿದ ಮೇಲೆ ಸ್ಥಿರವಾಗುತ್ತದೆ. ನನ್ನ ಗಾಡಿಯಲ್ಲಿ ‘2 ಹೈ’ಯಿಂದ (ಎರಡು ಚಕ್ರಕ್ಕೆ ಬಲ) ‘4 ಹೈ’ಗೆ (ನಾಲ್ಕಕ್ಕೂ ಬಲ) ಓಡುತ್ತಲೇ ಹೋಗಬಹುದು. ಯಾವ ವೇಗದವರೆಗೆ ಅನ್ನುವುದು ಒಂದೊಂದು ಗಾಡಿಗೆ ಒಂದೊಂದು, ಕೈಪಿಡಿ ನೋಡಲೇಬೇಕು. ನಿಧಾನದ, ಹೆಚ್ಚು ಎಳೆತದ ‘4 ಲೋ’ಗೆ ಮಾತ್ರ ಗಾಡಿ ನಿಲ್ಲಿಸಿ, ಬ್ರೇಕ್ ಒತ್ತಿ, ಲಿವರ್ ‘ಎನ್’ಗೆ (ನ್ಯೂಟ್ರಲ್) ತಂದು, ಆಮೇಲೆ ನಾಬ್ ತಿರುಗಿಸಬೇಕು. ವಾಪಸ್ ‘2 ಹೈ’ಗೆ ಬರುವಾಗ ಕೆಲವೊಮ್ಮೆ ದೀಪ ಮಿನುಗುತ್ತಲೇ ಇರುತ್ತದೆ. ಇಂಥ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ವೇಗದ ವ್ಯತ್ಯಾಸ ಸರಿಹೊಂದಿಸುವ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಜಾಸ್ತಿ ದೂರ ಸಾಗುತ್ತವೆ. ನೆಲ ಸಡಿಲ ಇದ್ದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಕಳೆಯುತ್ತದೆ. ಒಣ ಡಾಂಬರಿನಲ್ಲಿ ಜಾರಲು ಆಗದೆ ಶಾಫ್ಟ್‌ಗಳು ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತವೆ. ಆ ಬಿಗಿತದಲ್ಲಿ ಗೇರ್ ಬಿಡಿಸಿಕೊಳ್ಳುವುದಿಲ್ಲ. ಸ್ಟೀರಿಂಗ್ ನೇರ ಇಟ್ಟು ಸ್ವಲ್ಪ ದೂರ ಮುಂದೆ ಹೋಗಿ, ಬೇಕಾದರೆ ಕೆಲವು ಅಡಿ ಹಿಂದಕ್ಕೆ ಬಂದರೆ ಟಕ್ ಅಂತ ಬಿಟ್ಟುಕೊಂಡು ದೀಪ ಆರುತ್ತದೆ.

ಈ ಮಿನುಗುವ ಹೊತ್ತಿನಲ್ಲೇ ನಿಜವಾದ ಅಪಾಯ ಇರುವುದು. ಇದನ್ನು ಯಾರೂ ಸಾಕಷ್ಟು ಒತ್ತಿ ಹೇಳುವುದಿಲ್ಲ ಅನ್ನುವುದು ನನ್ನ ದೂರು. ಲಿವರ್ ‘ಪಿ’ಗೆ ಹಾಕಿದರೆ ಗಾಡಿ ನಿಂತೇ ನಿಲ್ಲುತ್ತದೆ ಅಂತ ನಾವು ನಂಬಿರುತ್ತೇವೆ. ‘ಪಿ’ ಹಿಡಿಯುವುದು ಗೇರ್‌ಬಾಕ್ಸಿನ ಹೊರಗೆ ಬರುವ ಶಾಫ್ಟನ್ನು ಮಾತ್ರ. ಅದಕ್ಕೂ ಚಕ್ರಕ್ಕೂ ನಡುವೆ, ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಇದೆ. ‘ಹೈ’ಯಿಂದ ‘ಲೋ’ಗೆ ಹೋಗುವಾಗ ಅದು ನ್ಯೂಟ್ರಲ್ ದಾಟಿ ಹೋಗುತ್ತದೆ. ಅರ್ಧ ದಾರಿಯಲ್ಲಿ ನಿಂತು ದೀಪ ಮಿನುಗುತ್ತಿದ್ದರೆ ಚಕ್ರಗಳಿಗೂ ಗೇರ್‌ಬಾಕ್ಸಿಗೂ ಸಂಬಂಧವೇ ಇಲ್ಲದಿರಬಹುದು. ಲಿವರ್ ‘ಪಿ’ಯಲ್ಲಿದ್ದರೂ ಇಳಿಜಾರಿನಲ್ಲಿ ಗಾಡಿ ಉರುಳುತ್ತದೆ! ಹಾಗಾಗಿ ದೀಪ ಸ್ಥಿರ ಆಗದೆ ನಾನು ಬ್ರೇಕಿನಿಂದ ಕಾಲು ತೆಗೆಯುವುದಿಲ್ಲ. ಇಳಿಯುವುದಾದರೆ ಹ್ಯಾಂಡ್‌ಬ್ರೇಕ್ ಹಾಕಿಯೇ ಇಳಿಯುತ್ತೇನೆ. ಇಳಿಜಾರಿನಲ್ಲಿ ನಿಲ್ಲಿಸುವಾಗ ನನ್ನ ಕ್ರಮ ಇದು: ಕಾಲು ಬ್ರೇಕ್ ಮೇಲೆ, ಲಿವರ್ ‘ಎನ್’, ಹ್ಯಾಂಡ್‌ಬ್ರೇಕ್, ನಿಧಾನ ಕಾಲು ಸಡಿಲಿಸಿ ಗಾಡಿಯ ಭಾರ ಹ್ಯಾಂಡ್‌ಬ್ರೇಕ್ ಮೇಲೆ ಕೂರಲು ಬಿಟ್ಟು, ಮತ್ತೆ ಬ್ರೇಕ್ ಒತ್ತಿ ‘ಪಿ’. ಹೀಗೆ ಮಾಡಿದರೆ ಮತ್ತೆ ಹೊರಡುವಾಗ ಲಿವರ್ ‘ಪಿ’ಯಿಂದ ಸಲೀಸಾಗಿ ಬರುತ್ತದೆ. ಭಾರವೆಲ್ಲ ಒಳಗಿನ ಚಿಕ್ಕ ಕೊಕ್ಕೆಯ ಮೇಲೆ ಬೀಳುವುದಿಲ್ಲ.

‘4 ಲೋ’ ಹಾಕಿದಾಗ ನನ್ನ ಗಾಡಿಯಲ್ಲಿ ಜಾರುವ ಚಿತ್ರದ ದೀಪವೂ ಹತ್ತುತ್ತದೆ. ಅದು ದೋಷ ಅಲ್ಲ. ಆ ಗೇರಿನಲ್ಲಿ ಗಾಡಿಯೇ ಆ ವ್ಯವಸ್ಥೆಯನ್ನು ಆಫ್ ಮಾಡುತ್ತದೆ, ‘2 ಹೈ’ಗೆ ಬಂದರೆ ತಾನಾಗೇ ಆರುತ್ತದೆ. ಅದೇ ದೀಪ ಓಡುವಾಗ ಮಿಣಮಿಣ ಅಂದರೆ ಚಕ್ರ ಜಾರುತ್ತಿದೆ, ವ್ಯವಸ್ಥೆ ಹಿಡಿದುಕೊಳ್ಳುತ್ತಿದೆ ಅಂತ ಅರ್ಥ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಬಿಸಿಯ ದೀಪ ನನಗೆ ಹತ್ತಿದ್ದು ಆಳವಾದ ಮರಳಿನಲ್ಲಿ, ‘4 ಹೈ’ಯಲ್ಲಿ. ಇಲ್ಲಿ ಕಾಲಿನಿಂದ ಒತ್ತುವ ಕ್ಲಚ್ ಬದಲು ಟಾರ್ಕ್ ಕನ್ವರ್ಟರ್ ಇರುತ್ತದೆ. ಎಂಜಿನ್ ಬಲ ಎಣ್ಣೆಯ ಮೂಲಕ ದಾಟುತ್ತದೆ. ಎಂಜಿನ್ ಜೋರಾಗಿ ತಿರುಗುತ್ತಾ ಗಾಡಿ ತೆವಳುತ್ತಿದ್ದರೆ ಆ ವ್ಯತ್ಯಾಸವೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಸೇರುತ್ತದೆ. ದೀಪ ಹತ್ತಿದ ಕೂಡಲೇ ಗಟ್ಟಿ ಜಾಗ ನೋಡಿ ನಿಲ್ಲಿಸಿ, ‘ಪಿ’ ಮತ್ತು ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಓಡುತ್ತಲೇ ಬಿಟ್ಟೆ. ಪಕ್ಕದಲ್ಲಿದ್ದ ಗೆಳೆಯ ‘ಆಫ್ ಮಾಡೋ ಮಾರಾಯ’ ಅಂದ. ಆಫ್ ಮಾಡಿದರೆ ಗೇರ್‌ಬಾಕ್ಸಿನ ಪಂಪೂ ನಿಲ್ಲುತ್ತದೆ, ಬಿಸಿ ಎಣ್ಣೆ ಕೂಲರ್ ಕಡೆ ಹೋಗುವುದೇ ಇಲ್ಲ. ಐಡಲ್‌ನಲ್ಲಿ ಬಿಟ್ಟಿದ್ದಕ್ಕೆ ಸ್ವಲ್ಪ ಹೊತ್ತಿನಲ್ಲಿ ದೀಪ ಆರಿತು. ಅದರ ಜೊತೆ ಎಂಜಿನ್ ಬಿಸಿಯ ದೀಪವೂ ಹತ್ತಿದ್ದರೆ ಲೆಕ್ಕ ಬೇರೆ ಇರುತ್ತಿತ್ತು. ಮುಂದೆ ‘4 ಲೋ’ ಹಾಕಿ ಹೊರಟೆ. ‘ಲೋ’ ಗೇರ್ ಗಾಡಿಯ ವೇಗ ತಗ್ಗಿಸಿ ಎಳೆತವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸುತ್ತದೆ. ಕನ್ವರ್ಟರ್ ಅಷ್ಟು ಜಾರಬೇಕಿಲ್ಲ. ದೀಪ ಮತ್ತೆ ಬರಲಿಲ್ಲ. ಹಾಗೇ ಕಡಿದಾದ ಇಳಿಜಾರಿನಲ್ಲೂ ‘ಡಿ’ಯಲ್ಲಿ (ಡ್ರೈವ್) ಬಿಡದೆ ಮ್ಯಾನ್ಯುಯಲ್ ಕಡೆ ಸರಿಸಿ ಮೊದಲ ಗೇರ್ ಹಿಡಿಸುತ್ತೇನೆ. ಇಲ್ಲದಿದ್ದರೆ ಬ್ರೇಕ್ ಬಿಸಿಯಾಗುತ್ತದೆ.

ಗೇರ್‌ಬಾಕ್ಸಿನ ಎಣ್ಣೆಗೆ ‘ಆಯುಷ್ಯವಿಡೀ ಸಾಕು’ ಅನ್ನುವ ಮಾತು ಇದೆ. ಮರಳು, ಕೆಸರು, ಎಳೆಯುವ ಕೆಲಸ ಇದ್ದವರು ಅದನ್ನು ನಂಬಬಾರದು ಅನ್ನುವುದು ನನ್ನ ಅಭಿಪ್ರಾಯ. ಬಹಳ ಕೈಪಿಡಿಗಳಲ್ಲಿ ಕಠಿಣ ಬಳಕೆಗೆ ಬೇರೆಯದೇ ಪಟ್ಟಿ ಇರುತ್ತದೆ, ಅದನ್ನು ನೋಡಿ. ಹೊಸ ಎಣ್ಣೆ ಸಾಮಾನ್ಯವಾಗಿ ಕೆಂಪಗಿರುತ್ತದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗೆ ಗೇರ್ ಬದಲಿಸುವ ಕ್ಲಚ್ ಪ್ಲೇಟ್‌ಗಳು ಸವೆಯುತ್ತಿವೆ ಅಂತ. ನನ್ನ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ಕೇ ಇಲ್ಲ. ಕೈಪಿಡಿ ಹೇಳುವ ಬಿಸಿಗೆ ಎಣ್ಣೆ ಬಂದಾಗ, ಎಂಜಿನ್ ಓಡುತ್ತಿರುವಾಗ, ಕೆಳಗಿನ ಬೋಲ್ಟ್ ಬಿಚ್ಚಿ ನೋಡಬೇಕು. ಆ ಕೆಲಸ ಗ್ಯಾರೇಜಿನದು.

ಚೆಕ್ ಎಂಜಿನ್ ದೀಪದ ಜೊತೆ ಗೇರ್ ಒಂದರಲ್ಲೇ ಸಿಕ್ಕಿಕೊಂಡು ಗಾಡಿ ಮಂದ ಆದರೆ ಅದು ಗೇರ್‌ಬಾಕ್ಸ್ ತನ್ನನ್ನು ಉಳಿಸಿಕೊಳ್ಳಲು ಮಾಡುವ ಏರ್ಪಾಡು. ಆಗ ಎಂಜಿನ್ ಕಡೆ ಬಹಳ ಸಲ ‘ಪಿ 0700’ ಅನ್ನುವ ಕೋಡ್ ಸಿಗುತ್ತದೆ. ಗೇರ್‌ಬಾಕ್ಸಿನ ಕಂಪ್ಯೂಟರ್ ಏನೋ ದೂರು ಇಟ್ಟಿದೆ, ಅಲ್ಲಿ ಹೋಗಿ ಓದಿ ಅನ್ನುವುದಷ್ಟೇ ಅದರ ಅರ್ಥ. ಆ ಒಂದು ಕೋಡ್ ನೋಡಿ ಗೇರ್‌ಬಾಕ್ಸ್ ಬಿಚ್ಚಲು ಒಪ್ಪಬೇಡಿ. ಗಾಡಿ ಎಳೆಸುವ ಪರಿಸ್ಥಿತಿ ಬಂದರೆ ನಾಲ್ಕೂ ಚಕ್ರ ಮೇಲೆತ್ತುವ ಫ್ಲಾಟ್‌ಬೆಡ್ ಕೇಳಿ. ಎರಡು ಚಕ್ರ ನೆಲದಲ್ಲಿ ಉರುಳಿದರೆ ಎಂಜಿನ್ ಆಫ್ ಇರುವ ಕಾರಣ ಗೇರ್‌ಬಾಕ್ಸಿಗೆ ಎಣ್ಣೆ ಸಿಗದೆ ಒಳಗೆ ಹಾಳಾಗಬಹುದು.

ಇನ್ನು, ದೀಪ ಆರಿಸಲು ಬ್ಯಾಟರಿ ವೈರ್ ಬಿಚ್ಚುವ ಚಾಳಿ. ದೋಷ ಆದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿ ಇತ್ತು ಅನ್ನುವುದನ್ನು ಕಂಪ್ಯೂಟರ್ ಕೋಡ್ ಜೊತೆಗೇ ಬರೆದಿಟ್ಟಿರುತ್ತದೆ. ವೈರ್ ಬಿಚ್ಚಿದರೆ ಅದು ಅಳಿಸಿಹೋಗಬಹುದು. ಕೆಲವು ಗಾಡಿಗಳಲ್ಲಿ ಗೇರ್ ಬದಲಾವಣೆಯ ಕಲಿಕೆಯೂ ಅಳಿಸಿ, ಸ್ವಲ್ಪ ಕಾಲ ಗೇರ್ ಜರ್ಕ್ ಹೊಡೆಯುತ್ತದೆ. ನಾನು ಮೊದಲು ದೀಪಗಳ ಗುಂಪಿನ ಫೋಟೊ, ಆಮೇಲೆ ಕೋಡ್ ಮತ್ತು ಆ ವಿವರಗಳ ಫೋಟೊ ತೆಗೆದಿಟ್ಟು, ರಿಪೇರಿ ಮುಗಿದ ಮೇಲೆ ಸ್ಕ್ಯಾನರ್‌ನಿಂದಲೇ ಅಳಿಸಿಸುತ್ತೇನೆ.